ಪಾನನಿರೋಧ ಕೌಂಟಿಗಳಲ್ಲಿ ಮದ್ಯ ಮಾರಾಟಕ್ಕೆ ಧಾರ್ಮಿಕ ವಿರೋಧ

ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ರಾಜ್ಯಗಳಲ್ಲಿ ಮದ್ಯ ಮಾರಬಹುದೇ ಬಾರದೇ ಎಂಬುದನ್ನು ಕೌಂಟಿಯ ಮತದಾರರೇ ತೀರ್ಮಾನಿಸುತ್ತಾರೆ. ಕೌಂಟಿ ಎಂದರೆ ರಾಜ್ಯದ ಕೆಳಗಿನ ಆಡಳಿತ ಘಟಕ. ಮಾರಾಟಕ್ಕೆ ಅವಕಾಶವಿಲ್ಲದ ಕೌಂಟಿಯನ್ನು ಅಲ್ಲಿಯ ಜನ ‘ಡ್ರೈ’ ಎನ್ನುತ್ತಾರೆ, ಅವಕಾಶವಿರುವುದನ್ನು ‘ವೆಟ್’ ಎನ್ನುತ್ತಾರೆ. ಕೌಂಟಿ ಡ್ರೈ ಆಗಿದ್ದು ಅದರೊಳಗಿನ ಒಂದು ಪಟ್ಟಣದಲ್ಲೋ ಕೆಲವು ಹೋಟೆಲುಗಳಲ್ಲೋ ಮಾತ್ರ ಮದ್ಯ ಸಿಗುವಂತಿದ್ದರೆ ಅದು ‘ಮಾಯಿಸ್ಟ್’. ಕೆಂಟಕಿ, ಟೆನೆಸಿ, ಆರ್ಕನ್ಸಾ, ಅಲಬಾಮ, ಮಿಸಿಸಿಪ್ಪಿ, ಟೆಕ್ಸಸ್ ರಾಜ್ಯಗಳಲ್ಲಿ ಇಂಥ ಕೌಂಟಿಗಳು ಹೆಚ್ಚು. ಇವು ಬೈಬಲ್ ಬೆಲ್ಟ್ ಎಂದು ಹೆಸರಾದ ದಕ್ಷಿಣದ ಸೀಮೆಗೆ ಸೇರಿದವು. ಈ ಕೌಂಟಿಗಳನ್ನು ಡ್ರೈ ಆಗಿ ಉಳಿಸಿಕೊಳ್ಳಲು ಪ್ರಾಟೆಸ್ಟಂಟ್ ಸಭೆಗಳು, ಅದರಲ್ಲೂ ಬ್ಯಾಪ್ಟಿಸ್ಟ್ ಮತ್ತು ಮೆಥಡಿಸ್ಟ್ ಸಭೆಗಳು, ಒಂದೂವರೆ ಶತಮಾನದಿಂದ ನಡೆಸಿಕೊಂಡು ಬಂದಿರುವ ಹೋರಾಟ ಈ ಲೇಖನದ ವಿಷಯ.

ಕಾನೂನಿನ ನೆಲೆ

ಭಾರತದಲ್ಲಿ ಪಾನನಿಷೇಧ ರಾಜ್ಯ ಸರ್ಕಾರದ ತೀರ್ಮಾನ. ಗುಜರಾತ್ ಮತ್ತು ಬಿಹಾರದಲ್ಲಿ ಅದು ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ. ಅಮೆರಿಕದಲ್ಲಿ ಈ ಅಧಿಕಾರ ಇನ್ನೂ ಕೆಳಗೆ ಇಳಿದಿದೆ. 1919ರ ಜನವರಿಯಲ್ಲಿ ಅಂಗೀಕಾರವಾದ ಸಂವಿಧಾನದ 18ನೆಯ ತಿದ್ದುಪಡಿಯಿಂದ 1920ರ ಜನವರಿ 17ರಂದು ದೇಶದಾದ್ಯಂತ ಪಾನನಿಷೇಧ ಜಾರಿಗೆ ಬಂತು. 1933ರ ಡಿಸೆಂಬರ್ 5ರಂದು 21ನೆಯ ತಿದ್ದುಪಡಿ ಅದನ್ನು ರದ್ದುಪಡಿಸಿತು. ಆದರೆ ಅದೇ ತಿದ್ದುಪಡಿಯ ಎರಡನೆಯ ಭಾಗ ಮದ್ಯದ ಮೇಲಿನ ನಿಯಂತ್ರಣವನ್ನು ರಾಜ್ಯಗಳ ಕೈಗೆ ಕೊಟ್ಟಿತು. ರಾಜ್ಯಗಳು ಅದನ್ನು ಕೌಂಟಿಗಳಿಗೂ ಪಟ್ಟಣಗಳಿಗೂ ಹಂಚಿದವು. ಈ ಏರ್ಪಾಟಿಗೆ ‘ಲೋಕಲ್ ಆಪ್ಷನ್’ ಎಂದು ಹೆಸರು.

ಈ ಪದ್ಧತಿ ರಾಷ್ಟ್ರೀಯ ನಿಷೇಧಕ್ಕಿಂತ ಹಳೆಯದು. ಟೆಕ್ಸಸ್‌ನ 1876ರ ಸಂವಿಧಾನದಲ್ಲಿಯೂ ಕೆಂಟಕಿಯ 1891ರ ಸಂವಿಧಾನದಲ್ಲಿಯೂ ಇದಕ್ಕೆ ಅವಕಾಶವಿತ್ತು. ಆದ್ದರಿಂದ 1933ರಲ್ಲಿ ರಾಷ್ಟ್ರೀಯ ನಿಷೇಧ ಬಿದ್ದುಹೋದರೂ ದಕ್ಷಿಣದ ಸಭೆಗಳಿಗೆ ಹೋರಾಟದ ಹಳೆಯ ಕಣ ಹಾಗೆಯೇ ಉಳಿದಿತ್ತು. ರಾಷ್ಟ್ರೀಯ ನಿಷೇಧ ಹೋದ ಮೇಲೂ ಕೆಲವು ರಾಜ್ಯಗಳು ತಮ್ಮ ನಿಷೇಧವನ್ನು ಬಿಡಲಿಲ್ಲ. ಕನ್ಸಾಸ್ 1948ರವರೆಗೂ, ಒಕ್ಲಹೋಮ 1959ರವರೆಗೂ, ಮಿಸಿಸಿಪ್ಪಿ 1966ರವರೆಗೂ ಅದನ್ನು ಉಳಿಸಿಕೊಂಡವು.

ಚಳವಳಿಯ ಬೆಳವಣಿಗೆ

ಅಮೆರಿಕದ ಪ್ರಾಟೆಸ್ಟಂಟರು ಮೊದಲಿನಿಂದಲೂ ಮದ್ಯದ ವಿರೋಧಿಗಳಾಗಿರಲಿಲ್ಲ. ಹದಿನೆಂಟನೆಯ ಶತಮಾನದ ಕೆಂಟಕಿಯಲ್ಲಿ ಎಲೈಜಾ ಕ್ರೇಗ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿಯೇ ವಿಸ್ಕಿ ಬಟ್ಟಿ ಇಳಿಸುತ್ತಿದ್ದ. ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ ಮಾತ್ರ 1743ರ ತನ್ನ ನಿಯಮಾವಳಿಯಲ್ಲಿಯೇ, ತೀರಾ ಅಗತ್ಯದ ಸಂದರ್ಭ ಬಿಟ್ಟು, ಬಟ್ಟಿ ಇಳಿಸಿದ ಮದ್ಯವನ್ನು ಕೊಳ್ಳುವುದು, ಮಾರುವುದು, ಕುಡಿಯುವುದು ಮೂರನ್ನೂ ನಿಷೇಧಿಸಿದ್ದ.

ಹತ್ತೊಂಬತ್ತನೆಯ ಶತಮಾನದ ಧಾರ್ಮಿಕ ಜಾಗೃತಿಯ ಅಲೆಯಲ್ಲಿ ನಿಲುವು ಬದಲಾಯಿತು. ಕನೆಕ್ಟಿಕಟ್‌ನ ಪಾದ್ರಿ ಲೈಮನ್ ಬೀಚರ್ ಕುಡಿತದ ವಿರುದ್ಧ ಮಾಡಿದ ಆರು ಪ್ರಸಂಗಗಳು ದೇಶದಾದ್ಯಂತ ಹರಡಿದವು. 1826ರಲ್ಲಿ ಬಾಸ್ಟನ್‌ನಲ್ಲಿ ಅಮೆರಿಕನ್ ಟೆಂಪರೆನ್ಸ್ ಸೊಸೈಟಿ ಹುಟ್ಟಿತು. 1851ರಲ್ಲಿ ಮೇನ್ ರಾಜ್ಯ ಮದ್ಯ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸಿತು.

1873ರ ಡಿಸೆಂಬರ್‌ನಲ್ಲಿ ಒಹಾಯೊ ರಾಜ್ಯದ ಹಿಲ್ಸ್‌ಬರೊ ಎಂಬ ಸಣ್ಣ ಊರಿನಲ್ಲಿ ನಡೆದದ್ದು ಚಳವಳಿಯ ಸ್ವರೂಪವನ್ನೇ ಬದಲಿಸಿತು. ಎಲಿಜಾ ಥಾಂಪ್ಸನ್ ಎಂಬ ಗೃಹಿಣಿಯ ಮುಂದಾಳತ್ವದಲ್ಲಿ ಹೆಂಗಸರು ಚರ್ಚಿನಿಂದ ಸಾಲಾಗಿ ಹೊರಟು ಊರಿನ ಮದ್ಯದಂಗಡಿಗಳಿಗೆ ಹೋದರು. ಅಂಗಡಿಯ ನೆಲದ ಮೇಲೆಯೇ ಮೊಣಕಾಲೂರಿ ಪ್ರಾರ್ಥಿಸಿದರು, ಭಕ್ತಿಗೀತೆ ಹಾಡಿದರು, ವ್ಯಾಪಾರ ನಿಲ್ಲಿಸೆಂದು ಮಾಲೀಕರನ್ನು ಬೇಡಿಕೊಂಡರು. ಒಳಗೆ ಬಿಡದ ಕಡೆ ಹೊರಗಿನ ಚಳಿಯಲ್ಲೇ ಕುಳಿತರು. ಆ ಚಳಿಗಾಲದಲ್ಲಿ ಈ ಪ್ರಾರ್ಥನಾ ಸತ್ಯಾಗ್ರಹ ನೂರಾರು ಊರುಗಳಿಗೆ ಹಬ್ಬಿತು. ಗಂಡನ ಕೂಲಿ ಮದ್ಯದಂಗಡಿಯ ಪಾಲಾಗುವುದನ್ನು ನೋಡುತ್ತಿದ್ದ ಹೆಂಗಸರಿಗೆ ಆಗ ಮತದಾನದ ಹಕ್ಕು ಇರಲಿಲ್ಲ. ಅವರ ನೋವಿಗೆ ಸಾರ್ವಜನಿಕ ದನಿ ಕೊಟ್ಟ ಸಂಸ್ಥೆ ಚರ್ಚು. 1874ರಲ್ಲಿ ಸ್ಥಾಪನೆಯಾದ ಕ್ರೈಸ್ತ ಮಹಿಳಾ ಪಾನನಿರೋಧ ಸಂಘ ಈ ಚಳವಳಿಯ ಫಲ. 1879ರಿಂದ 1898ರವರೆಗೆ ಅದರ ಅಧ್ಯಕ್ಷೆಯಾಗಿದ್ದ ಫ್ರಾನ್ಸಿಸ್ ವಿಲ್ಲರ್ಡ್ ಮೆಥಡಿಸ್ಟ್ ಪಂಥದವರು.

1893ರಲ್ಲಿ ಒಹಾಯೊದ ಓಬರ್ಲಿನ್‌ನಲ್ಲಿ ಆರಂಭವಾದ ಆಂಟಿ ಸಲೂನ್ ಲೀಗ್ (ಸಲೂನ್ ಎಂದರೆ ಇಲ್ಲಿ ಮದ್ಯದಂಗಡಿ) ಚರ್ಚುಗಳ ಶಕ್ತಿಯನ್ನು ಮತಪೆಟ್ಟಿಗೆಗೆ ತಂದಿತು. ಅದರ ತಂತ್ರ ಸರಳವಾಗಿತ್ತು: ಮೊದಲು ಹಳ್ಳಿ, ಆಮೇಲೆ ಕೌಂಟಿ, ಆಮೇಲೆ ರಾಜ್ಯ. ಅಭ್ಯರ್ಥಿ ಯಾವ ಪಕ್ಷದವನೇ ಆಗಲಿ, ಮದ್ಯದ ವಿಷಯದಲ್ಲಿ ಅವನ ನಿಲುವನ್ನಷ್ಟೇ ಅದು ನೋಡುತ್ತಿತ್ತು. ಭಾನುವಾರದ ಆರಾಧನೆಯ ವೇಳೆ ಲೀಗಿನ ಭಾಷಣಕಾರರು ವೇದಿಕೆಯಿಂದ ಮಾತಾಡುತ್ತಿದ್ದರು, ಸಭೆಯವರು ದೇಣಿಗೆ ಕೊಡುತ್ತಿದ್ದರು. 1907ರಿಂದ 1909ರೊಳಗೆ ಜಾರ್ಜಿಯ, ಒಕ್ಲಹೋಮ, ಮಿಸಿಸಿಪ್ಪಿ, ಉತ್ತರ ಕ್ಯಾರೊಲಿನ, ಟೆನೆಸಿ ರಾಜ್ಯಗಳು ಒಂದರ ಹಿಂದೆ ಒಂದು ಪಾನನಿಷೇಧಕ್ಕೆ ಬಂದವು.

ದಕ್ಷಿಣದ ಈ ಅಲೆಯಲ್ಲಿ ಜನಾಂಗದ್ವೇಷವೂ ಬೆರೆತಿತ್ತು. 1906ರ ಅಟ್ಲಾಂಟ ಗಲಭೆಯಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮೇಲೆ ಹಲ್ಲೆ ಮಾಡಿ ಹಲವರನ್ನು ಕೊಂದವು. ಮರುವರ್ಷವೇ ಜಾರ್ಜಿಯ ನಿಷೇಧ ತಂದಾಗ, ಕಪ್ಪು ಜನರ ಕೈಗೆ ಮದ್ಯ ಸಿಗಬಾರದೆಂಬ ವಾದ ಬಿಳಿಯ ಪ್ರಚಾರಕರ ಬಾಯಲ್ಲಿ ಪ್ರಬಲವಾಗಿತ್ತು. ಇತ್ತ ಕಪ್ಪು ಬ್ಯಾಪ್ಟಿಸ್ಟ್ ಮತ್ತು ಮೆಥಡಿಸ್ಟ್ ಪಾದ್ರಿಗಳಲ್ಲಿ ಹಲವರು ತಮ್ಮ ಜನರ ಏಳಿಗೆಗೆಂದೇ ಪಾನನಿರೋಧವನ್ನು ಬೆಂಬಲಿಸಿದ್ದರು. 1885ರಲ್ಲಿ ಅಟ್ಲಾಂಟ ಇರುವ ಫುಲ್ಟನ್ ಕೌಂಟಿ ನಿಷೇಧದ ಪರ ಮತ ಹಾಕಿದಾಗಲೂ, 1887ರಲ್ಲಿ ಅದನ್ನು ತೆಗೆದುಹಾಕಿದಾಗಲೂ ಕಪ್ಪು ಮತದಾರರ ಬೆಂಬಲಕ್ಕಾಗಿ ನಿಷೇಧದ ಪರ, ವಿರುದ್ಧ ಎರಡೂ ಪಕ್ಷದವರು ಓಡಾಡಿದ್ದರು. ಅದೇ ಸಮಯದಲ್ಲಿ ಅಲ್ಲಿಯ ಔಷಧ ತಯಾರಕ ಜಾನ್ ಪೆಂಬರ್ಟನ್ ದ್ರಾಕ್ಷಾರಸ ಬೆರೆಸಿ ಮಾರುತ್ತಿದ್ದ ಪೇಯದ ಬದಲಿಗೆ ಮದ್ಯವಿಲ್ಲದ ಪಾಕವೊಂದನ್ನು ಸಿದ್ಧಪಡಿಸಿದ. 1886ರಲ್ಲಿ ಮಾರುಕಟ್ಟೆಗೆ ಬಂದ ಆ ಪೇಯವೇ ಕೋಕಾ ಕೋಲ.

ಧರ್ಮಗ್ರಂಥದ ಆಧಾರ

ವಿರೋಧಿಗಳು ಹೆಚ್ಚಾಗಿ ಆಶ್ರಯಿಸುವ ಭಾಗಗಳು ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳು ಗ್ರಂಥದ 20 ಮತ್ತು 23ನೆಯ ಅಧ್ಯಾಯಗಳು. ಮದ್ಯ ಮನುಷ್ಯನನ್ನು ಹೇಗೆ ಮೋಸಗೊಳಿಸುತ್ತದೆ ಎಂಬ ಎಚ್ಚರಿಕೆ ಅಲ್ಲಿದೆ. ನೆರೆಯವನಿಗೆ ಕುಡಿಸುವವನನ್ನು ಖಂಡಿಸುವ ಹಬಕ್ಕೂಕನ ಗ್ರಂಥದ ಮಾತನ್ನು ಮಾರಾಟಗಾರನಿಗೂ ಪರವಾನಗಿ ಕೊಡುವ ಸರ್ಕಾರಕ್ಕೂ ಅನ್ವಯಿಸುತ್ತಾರೆ. ಎಲ್ಲಕ್ಕಿಂತ ಗಟ್ಟಿಯಾದ ವಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದ್ದು. ತನಗೆ ತಪ್ಪಿಲ್ಲದ ಪದಾರ್ಥವೂ ದುರ್ಬಲನಾದ ಸಹೋದರನನ್ನು ಎಡವಿಸುವಂತಿದ್ದರೆ ಅದನ್ನು ಬಿಡುವುದೇ ಪ್ರೀತಿಯ ಮಾರ್ಗ ಎಂಬುದು ಅದರ ತಾತ್ಪರ್ಯ. ಮಿತವಾಗಿ ಕುಡಿಯುವ ಹತ್ತು ಜನರ ಅನುಕೂಲಕ್ಕಾಗಿ ವ್ಯಸನಿಯಾದ ಒಬ್ಬನ ಮನೆಯ ಪಕ್ಕದಲ್ಲಿ ಅಂಗಡಿ ತೆರೆಯಬಾರದು ಎಂಬ ಡ್ರೈ ಪಕ್ಷದ ನಿಲುವು ಇಲ್ಲಿಂದ ಹುಟ್ಟಿದ್ದು.

ಇದೇ ಗ್ರಂಥದಲ್ಲಿ ಎದುರು ವಾದಕ್ಕೂ ಆಧಾರವಿದೆ. ಯೋಹಾನನ ಸುವಾರ್ತೆಯ ಪ್ರಕಾರ ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳುವಂತೆ ತಿಮೊಥೆಯನಿಗೆ ಪೌಲನೇ ಬರೆದ. ಬೈಬಲು ನಿಷೇಧಿಸುವುದು ಅಮಲೇರುವಷ್ಟು ಕುಡಿಯುವುದನ್ನು ಮಾತ್ರ, ಕುಡಿಯುವುದನ್ನೇ ಅಲ್ಲ ಎನ್ನುತ್ತಾರೆ ಕೆಥೊಲಿಕರು, ಲೂಥರನ್ನರು ಮತ್ತು ಎಪಿಸ್ಕೋಪಲ್ ಸಭೆಯವರು. ಪೂರ್ಣ ವರ್ಜನೆಯ ಪರವಾಗಿರುವ ಕೆಲವರು ಕಾನಾದ ದ್ರಾಕ್ಷಾರಸ ಹುಳಿಬಾರದ ರಸವಾಗಿತ್ತೆಂದು ವಾದಿಸಿದ್ದಾರೆ.

ಈ ಚರ್ಚೆ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಬಟ್ಟಲಿಗೂ ತಲುಪಿತು. ಮದ್ಯ ಮುಟ್ಟಬಾರದೆಂದು ಬೋಧಿಸುವ ಸಭೆ ಆರಾಧನೆಯಲ್ಲಿ ದ್ರಾಕ್ಷಾರಸ ಹಂಚುವುದು ಹೇಗೆ? ನ್ಯೂ ಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿದ್ದ ಥಾಮಸ್ ಬ್ರಾಮ್ವೆಲ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯ 1869ರಲ್ಲಿ ದ್ರಾಕ್ಷಿಯ ರಸವನ್ನು ಬಾಟಲಿಯಲ್ಲಿ ತುಂಬಿ, ಪಾಶ್ಚರ್ ವಿಧಾನದಲ್ಲಿ ಬಿಸಿ ಮಾಡಿ, ಅದು ಹುಳಿಯದಂತೆ ಕಾಪಾಡುವ ಕ್ರಮ ಕಂಡುಹಿಡಿದ. ಅವನ ಉದ್ದೇಶ ತನ್ನ ಸಭೆಯ ಪ್ರಭುಭೋಜನಕ್ಕೆ ಮದ್ಯವಿಲ್ಲದ ರಸ ಒದಗಿಸುವುದು. ಅಮೆರಿಕದ ಮೆಥಡಿಸ್ಟ್ ಮತ್ತು ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ದ್ರಾಕ್ಷಿಯ ಇಂಥ ರಸವೇ.

ಪಂಗಡಗಳ ನಿಲುವು

1845ರಲ್ಲಿ ಸ್ಥಾಪನೆಯಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟಂಟ್ ಪಂಗಡ. 2023ರಲ್ಲಿ ಅದರ ಸದಸ್ಯರ ಸಂಖ್ಯೆ ಸುಮಾರು 1.3 ಕೋಟಿ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅದು ಮದ್ಯದ ವಿರುದ್ಧ ಹಲವಾರು ನಿರ್ಣಯಗಳನ್ನು ಅಂಗೀಕರಿಸಿದೆ. 2006ರ ಗ್ರೀನ್ಸ್‌ಬರೊ ಅಧಿವೇಶನದ ನಿರ್ಣಯ ಮದ್ಯದ ತಯಾರಿಕೆ, ಜಾಹೀರಾತು, ಹಂಚಿಕೆ, ಸೇವನೆ ಎಲ್ಲವನ್ನೂ ವಿರೋಧಿಸಿತು. ಕೌಂಟಿಯ ಮಟ್ಟದಲ್ಲಿ ಈ ನಿಲುವನ್ನು ಕಾರ್ಯಕ್ಕೆ ಇಳಿಸುವವರು ಸ್ಥಳೀಯ ಸಭೆಗಳ ಪಾಸ್ಟರುಗಳು. ಅವರ ಬೆನ್ನಿಗೆ ಅಲಬಾಮದ ಸಿಟಿಜನ್ಸ್ ಆ್ಯಕ್ಷನ್ ಪ್ರೋಗ್ರಾಮ್‌ನಂಥ ರಾಜ್ಯಮಟ್ಟದ ಸಂಘಟನೆಗಳಿವೆ.

ಯುನೈಟೆಡ್ ಮೆಥಡಿಸ್ಟ್ ಚರ್ಚು ಕಾಲಕ್ರಮದಲ್ಲಿ ಸಡಿಲವಾಗಿದೆ. ವರ್ಜನೆಯನ್ನು ಮೆಚ್ಚಿದರೂ ಅದನ್ನು ಕಡ್ಡಾಯ ಮಾಡುವುದಿಲ್ಲ. ಚರ್ಚ್ ಆಫ್ ಕ್ರೈಸ್ಟ್, ನಜರೀನ್, ಪೆಂಟೆಕೋಸ್ಟಲ್ ಮತ್ತು ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಗಳಲ್ಲಿ ವರ್ಜನೆಯ ಬೋಧನೆ ಬಲವಾಗಿದೆ. ಮಾರ್ಮನ್ನರಿಗೆ 1833ರ ಆರೋಗ್ಯ ನಿಯಮವೇ ಆಧಾರ. ಮಾರ್ಮನ್ನರು ಹೆಚ್ಚಾಗಿರುವ ಯೂಟಾದ ಬ್ಲ್ಯಾಂಡಿಂಗ್ ಪಟ್ಟಣ 2017ರ ಮತದಾನದಲ್ಲಿಯೂ ಡ್ರೈ ಆಗಿಯೇ ಉಳಿಯಲು ತೀರ್ಮಾನಿಸಿತು. ದಕ್ಷಿಣದ ಹೊರಗೆ ನ್ಯೂ ಜೆರ್ಸಿಯ ಓಷನ್ ಸಿಟಿ ಇನ್ನೊಂದು ನಿದರ್ಶನ. 1879ರಲ್ಲಿ ಮೆಥಡಿಸ್ಟ್ ಪಾದ್ರಿಗಳು ಕಟ್ಟಿದ ಈ ಕಡಲತೀರದ ಊರು, ಗಿರಾಕಿಗಳು ತಮ್ಮದೇ ಮದ್ಯವನ್ನು ಹೋಟೆಲಿಗೆ ತರಬಹುದೆಂಬ ಪ್ರಸ್ತಾಪವನ್ನೂ 2012ರಲ್ಲಿ ತಿರಸ್ಕರಿಸಿತು.

ಮತದಾನ ಮತ್ತು ಪ್ರಚಾರ

ಮತದಾನ ನಡೆಯಬೇಕಾದರೆ ಮೊದಲು ನಾಗರಿಕರು ಸಹಿ ಸಂಗ್ರಹಿಸಬೇಕು. ಕೆಂಟಕಿಯಲ್ಲಿ ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ಶೇ 25ರಷ್ಟು ಸಹಿ ಬೇಕು. ಒಮ್ಮೆ ತೀರ್ಮಾನವಾದರೆ ಮೂರು ವರ್ಷ ಅದೇ ಪ್ರಶ್ನೆಯನ್ನು ಮತ್ತೆ ಎತ್ತುವಂತಿಲ್ಲ. ಆರ್ಕನ್ಸಾದಲ್ಲಿ 1993ರಿಂದ ನೋಂದಾಯಿತ ಮತದಾರರ ಶೇ 38ರಷ್ಟು ಸಹಿ ಬೇಕು. ಡ್ರೈ ಪಕ್ಷದವರಿಗೆ ಈ ಅಂಕಿಯೇ ಕೋಟೆ, ಏಕೆಂದರೆ ಬಹಳಷ್ಟು ಅರ್ಜಿಗಳು ಸಹಿ ಸಾಲದೆ ಬಿದ್ದುಹೋಗುತ್ತವೆ.

ಪ್ರಚಾರದ ಕೇಂದ್ರ ಚರ್ಚು. ಭಾನುವಾರದ ಪ್ರಸಂಗ, ಬುಧವಾರದ ಪ್ರಾರ್ಥನಾ ಕೂಟ, ರಸ್ತೆಬದಿಯ ಚರ್ಚ್ ಫಲಕ, ಮನೆಮುಂದಿನ ಹುಲ್ಲುಹಾಸಿನಲ್ಲಿ ನೆಟ್ಟ ಪ್ರಚಾರ ಫಲಕಗಳು, ಸ್ಥಳೀಯ ಪತ್ರಿಕೆಯ ಜಾಹೀರಾತು ಇವು ಸಾಮಾನ್ಯ ಸಾಧನಗಳು. ತೆರಿಗೆ ವಿನಾಯಿತಿ ಪಡೆದ ಚರ್ಚು ಅಭ್ಯರ್ಥಿಗಳ ಪರ ಪ್ರಚಾರ ಮಾಡುವುದನ್ನು 1954ರ ಕಾನೂನು ತಡೆಯುತ್ತದೆ. ಆದರೆ ಮತಕ್ಕೆ ಹಾಕಿದ ಒಂದು ಪ್ರಶ್ನೆಯ ಬಗ್ಗೆ, ಮಿತಿಯೊಳಗೆ, ನಿಲುವು ತಳೆಯಬಹುದು. ಆದ್ದರಿಂದ ಲೋಕಲ್ ಆಪ್ಷನ್ ಮತದಾನದಲ್ಲಿ ಪಾಸ್ಟರುಗಳು ಬಹಿರಂಗವಾಗಿಯೇ ಮಾತಾಡುತ್ತಾರೆ.

ವೆಟ್ ಪಕ್ಷದ ಮುಂಚೂಣಿಯಲ್ಲಿ ವರ್ತಕರ ಸಂಘ, ಹೋಟೆಲು ಉದ್ಯಮಿಗಳು, ಸೂಪರ್ ಮಾರ್ಕೆಟ್‌ಗಳು ಇರುತ್ತವೆ. ದೊಡ್ಡ ರೆಸ್ಟೋರೆಂಟುಗಳು ಡ್ರೈ ಊರಿಗೆ ಬರುವುದಿಲ್ಲ, ತೆರಿಗೆಯ ಹಣ ಪಕ್ಕದ ಕೌಂಟಿಗೆ ಹರಿದುಹೋಗುತ್ತದೆ ಎಂಬುದು ಅವರ ಮುಖ್ಯ ವಾದ. ಹಲವು ಕಡೆ ರಾಜಿಯ ಮಾರ್ಗವೂ ಇದೆ: ಕೆಂಟಕಿಯಲ್ಲಿ ನೂರು ಆಸನಗಳಿರುವ, ಆದಾಯದ ಶೇ 70 ಭಾಗ ಆಹಾರದಿಂದಲೇ ಬರುವ ರೆಸ್ಟೋರೆಂಟುಗಳಿಗೆ ಮಾತ್ರ ಮದ್ಯ ಬಡಿಸಲು ಮತದಾರರು ಅನುಮತಿ ಕೊಡಬಹುದಾದ ವರ್ಗವೊಂದಿದೆ.

ಕೆಲವು ಊರುಗಳ ಅನುಭವ

ಅಲಬಾಮದ ಕಲ್‌ಮನ್ ಪಟ್ಟಣವನ್ನು 1873ರಲ್ಲಿ ಜರ್ಮನ್ ವಲಸಿಗರು ಕಟ್ಟಿದರು. ಊರ ಅಂಚಿನಲ್ಲಿ ಬೆನೆಡಿಕ್ಟೀನ್ ಸನ್ಯಾಸಿಗಳ ಸೇಂಟ್ ಬರ್ನಾರ್ಡ್ ಮಠವಿದೆ. ಜರ್ಮನ್ ಪರಂಪರೆಯ ನೆನಪಿಗೆ ಊರು ಪ್ರತಿವರ್ಷ ಆಕ್ಟೋಬರ್‌ಫೆಸ್ಟ್ ಆಚರಿಸುತ್ತದೆ. ಮ್ಯೂನಿಕ್‌ನಲ್ಲಿ ಬಿಯರಿನ ಜಾತ್ರೆಯೇ ಆದ ಈ ಹಬ್ಬ ಕಲ್‌ಮನ್‌ನಲ್ಲಿ ದಶಕಗಳ ಕಾಲ ಒಂದು ಲೋಟ ಬಿಯರೂ ಇಲ್ಲದೆ, ವಾದ್ಯ, ಕುಣಿತ, ಸಾಸೇಜ್ ಊಟದಲ್ಲೇ ನಡೆಯಿತು. ಸುತ್ತಲಿನ ಕೌಂಟಿಯ ಬ್ಯಾಪ್ಟಿಸ್ಟರ ಪ್ರಭಾವ ಅಷ್ಟಿತ್ತು. ಹಲವು ಸಲ ಸೋತ ಪ್ರಸ್ತಾಪ 2010ರ ನವೆಂಬರ್‌ನಲ್ಲಿ ಗೆದ್ದು ಪಟ್ಟಣ ವೆಟ್ ಆಯಿತು. 2011ರ ಹಬ್ಬದಲ್ಲಿ ಬಿಯರ್ ಬಂತು.

ಟೆಕ್ಸಸ್‌ನ ಲಬಕ್ ನಗರದಲ್ಲಿ 1972ರಿಂದ ಹೋಟೆಲುಗಳಲ್ಲಿ ಕುಳಿತು ಕುಡಿಯಬಹುದಿತ್ತು, ಬಾಟಲಿ ಕೊಂಡು ಮನೆಗೆ ಒಯ್ಯುವ ಅಂಗಡಿಗಳು ಮಾತ್ರ ಊರೊಳಗೆ ಇರಲಿಲ್ಲ. ನಗರದ ಗಡಿಯ ಆಚೆ ಹೆದ್ದಾರಿಯ ಬದಿಯಲ್ಲಿ ‘ದ ಸ್ಟ್ರಿಪ್’ ಎಂಬ ಮದ್ಯದಂಗಡಿಗಳ ಸಾಲು ನಿಯಾನ್ ದೀಪ ಹಚ್ಚಿಕೊಂಡು ಇಡೀ ಪೇಟೆಯ ವ್ಯಾಪಾರವನ್ನು ಬಾಚಿಕೊಳ್ಳುತ್ತಿತ್ತು. 2009ರ ಮೇ ತಿಂಗಳ ಮತದಾನದಲ್ಲಿ, ಹಲವು ಪಾಸ್ಟರುಗಳ ವಿರೋಧದ ನಡುವೆ, ಲಬಕ್ ಕೌಂಟಿ ವೆಟ್ ಆಯಿತು.

ಟೆನೆಸಿಯ ಲಿಂಚ್‌ಬರ್ಗ್‌ನಲ್ಲಿ ಜ್ಯಾಕ್ ಡೇನಿಯಲ್ಸ್ ವಿಸ್ಕಿಯ ಕಾರ್ಖಾನೆ ಇದೆ. ಜಗತ್ತಿಗೆಲ್ಲ ಅಲ್ಲಿಂದ ವಿಸ್ಕಿ ಹೋಗುತ್ತದೆ, ಆದರೆ ಅದು ಇರುವ ಮೂರ್ ಕೌಂಟಿ ಡ್ರೈ. ಭೇಟಿ ನೀಡುವವರಿಗೆ ಸ್ಮರಣಿಕೆಯ ರೂಪದ ಬಾಟಲಿಗಳನ್ನು ಮಾರಲು ರಾಜ್ಯ ವಿಶೇಷ ಅವಕಾಶ ಕೊಟ್ಟಿದೆ. ಕಾರ್ಖಾನೆಯ ಸ್ಥಾಪಕ ಜ್ಯಾಕ್‌ಗೆ ಬಾಲ್ಯದಲ್ಲಿ ಆಶ್ರಯ ಕೊಟ್ಟ ಡ್ಯಾನ್ ಕಾಲ್ ಲೂಥರನ್ ಬೋಧಕನಾಗಿದ್ದನೆಂದೂ, ಸಭೆಯವರ ಒತ್ತಾಯಕ್ಕೆ ಮಣಿದು ಭಟ್ಟಿಯನ್ನು ಬಿಟ್ಟುಕೊಟ್ಟನೆಂದೂ ಅಲ್ಲಿಯ ಪರಂಪರಾಗತ ಕಥೆ ಹೇಳುತ್ತದೆ. ಭಟ್ಟಿ ಇಳಿಸುವುದನ್ನು ಜ್ಯಾಕ್‌ಗೆ ಕಲಿಸಿದವನು ಗುಲಾಮನಾಗಿದ್ದ ನಿಯರೆಸ್ಟ್ ಗ್ರೀನ್.

ಪಾಸ್ಟರುಗಳೂ ಮದ್ಯದ ವರ್ತಕರೂ

1983ರಲ್ಲಿ ಅರ್ಥಶಾಸ್ತ್ರಜ್ಞ ಬ್ರೂಸ್ ಯಾಂಡ್ಲ್ ಒಂದು ಸಿದ್ಧಾಂತ ಮಂಡಿಸಿದರು. ಮದ್ಯದಂಗಡಿ ಮುಚ್ಚಬೇಕೆಂದು ಬ್ಯಾಪ್ಟಿಸ್ಟರು ನೀತಿಯ ಕಾರಣಕ್ಕೆ ಹೇಳುತ್ತಾರೆ. ಕಳ್ಳಮದ್ಯ ಮಾರುವವನಿಗೂ ಅದೇ ಬೇಕು, ಏಕೆಂದರೆ ಅಂಗಡಿ ಮುಚ್ಚಿದರೆ ಅವನ ವ್ಯಾಪಾರ ಬೆಳೆಯುತ್ತದೆ. ಒಬ್ಬರು ಕಾನೂನಿಗೆ ಗೌರವ ತಂದುಕೊಡುತ್ತಾರೆ, ಇನ್ನೊಬ್ಬರು ಅದರ ಲಾಭ ಉಣ್ಣುತ್ತಾರೆ. ಸರ್ಕಾರಿ ನಿಯಂತ್ರಣಗಳ ಅಧ್ಯಯನದಲ್ಲಿ ‘ಬೂಟ್‌ಲೆಗರ್ಸ್ ಆ್ಯಂಡ್ ಬ್ಯಾಪ್ಟಿಸ್ಟ್ಸ್’ ಎಂದೇ ಈ ಸಿದ್ಧಾಂತ ಪ್ರಸಿದ್ಧ.

ಆರ್ಕನ್ಸಾದಲ್ಲಿ 2014ರಲ್ಲಿ ಇದು ಕಣ್ಣೆದುರೇ ನಡೆಯಿತು. ಆಗ ಅಲ್ಲಿಯ 75 ಕೌಂಟಿಗಳಲ್ಲಿ 37 ಡ್ರೈ ಆಗಿದ್ದವು. ಇಡೀ ರಾಜ್ಯದಲ್ಲಿ ಮಾರಾಟಕ್ಕೆ ಅವಕಾಶ ಕೊಡುವ ಸಂವಿಧಾನ ತಿದ್ದುಪಡಿ ಮತಕ್ಕೆ ಬಂತು. ಚರ್ಚುಗಳು ವಿರೋಧಿಸಿದವು. ಡ್ರೈ ಕೌಂಟಿಗಳ ಗಡಿಯಾಚೆ ಅಂಗಡಿ ಇಟ್ಟಿದ್ದ ಮದ್ಯದ ವರ್ತಕರೂ ವಿರೋಧಿಸಿದರು, ಪ್ರಚಾರಕ್ಕೆ ಹಣವನ್ನೂ ಹಾಕಿದರು. ತಿದ್ದುಪಡಿ ಸೋತಿತು. ಮಿಸಿಸಿಪ್ಪಿಯ ಹಿಂದಿನ ಚರಿತ್ರೆ ಇನ್ನೂ ವಿಚಿತ್ರ. ಅಲ್ಲಿ ಮದ್ಯ ನಿಷೇಧದಲ್ಲಿದ್ದಾಗಲೇ 1944ರ ಕಾನೂನೊಂದು ಕಳ್ಳಸಂತೆಯ ಮದ್ಯದ ಮೇಲೆ ತೆರಿಗೆ ವಸೂಲಿ ಮಾಡುತ್ತಿತ್ತು. ಸಭೆಗಳ ನೀತಿ ಕಾಗದದಲ್ಲಿ ಉಳಿಯಿತು, ಸರ್ಕಾರಕ್ಕೆ ಹಣವೂ ಬಂತು, ಕುಡಿತ ಮಾತ್ರ ನಿಲ್ಲಲಿಲ್ಲ.

ನ್ಯಾಯಾಲಯ ಹಾಕಿದ ಗೆರೆ

ಚರ್ಚಿನ ಅಭಿಪ್ರಾಯಕ್ಕೆ ಕಾನೂನಿನಲ್ಲಿ ಎಷ್ಟು ತೂಕವಿರಬೇಕು ಎಂಬುದನ್ನು 1982ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಮಸಾಚುಸೆಟ್ಸ್‌ನ ಕಾನೂನೊಂದರ ಪ್ರಕಾರ, 500 ಅಡಿಯೊಳಗಿರುವ ಚರ್ಚು ಅಥವಾ ಶಾಲೆ ಆಕ್ಷೇಪಿಸಿದರೆ ಮದ್ಯದ ಪರವಾನಗಿ ಸಿಗುತ್ತಿರಲಿಲ್ಲ. ಕೇಂಬ್ರಿಜ್‌ನ ಗ್ರೆಂಡಲ್ಸ್ ಡೆನ್ ಎಂಬ ಹೋಟೆಲಿಗೆ ಪಕ್ಕದ ಆರ್ಮೇನಿಯನ್ ಚರ್ಚಿನ ಆಕ್ಷೇಪದಿಂದ ಪರವಾನಗಿ ತಪ್ಪಿತು. ಸರ್ಕಾರದ ಅಧಿಕಾರವನ್ನು ಧಾರ್ಮಿಕ ಸಂಸ್ಥೆಯ ಕೈಗೆ ಕೊಡುವುದು ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧ ಎಂದು ನ್ಯಾಯಾಲಯ ಎಂಟಕ್ಕೆ ಒಂದರ ಬಹುಮತದಿಂದ ಹೇಳಿತು. ಚರ್ಚಿನಿಂದ ಇಂತಿಷ್ಟು ದೂರದಲ್ಲಿ ಅಂಗಡಿ ಇರಬಾರದೆಂದು ಶಾಸನಸಭೆಯೇ ನಿಯಮ ಮಾಡುವುದಕ್ಕೆ ಅಡ್ಡಿಯಿಲ್ಲ. ಟೆಕ್ಸಸ್‌ನಲ್ಲಿ 300 ಅಡಿಯ ಇಂಥ ನಿಯಮವನ್ನು ಸ್ಥಳೀಯ ಆಡಳಿತಗಳು ತರಬಹುದು. ಹೀಗೆ ಚರ್ಚಿನವರಿಗೆ ಮತದಾರರಾಗಿ ಮಾತಾಡುವ ಹಕ್ಕಿದೆ, ಅಧಿಕಾರಿಯಾಗಿ ತಡೆಯುವ ಹಕ್ಕಿಲ್ಲ ಎಂಬ ಗೆರೆ ಸ್ಪಷ್ಟವಾಯಿತು.

ಪರಿಣಾಮಗಳ ಅಧ್ಯಯನ

ಅಂಗಡಿ ದೂರವಿದ್ದರೆ ಕುಡಿತ ಕಡಿಮೆಯಾಗುತ್ತದೆ ಎಂಬ ಸಾರ್ವಜನಿಕ ಆರೋಗ್ಯದ ತರ್ಕ ಡ್ರೈ ಪಕ್ಷದವರಿಗೆ ಬೆಂಬಲವಾಗಿದೆ. ಆದರೆ ಕುಡಿಯಲೇಬೇಕೆಂದು ಹೊರಟವನು ಪಕ್ಕದ ಕೌಂಟಿಗೆ ಹೋಗಿ ಕುಡಿದು ಕಾರು ನಡೆಸಿಕೊಂಡು ಮರಳುತ್ತಾನೆ. ಕೆಂಟಕಿಯ ರಸ್ತೆ ಅಪಘಾತಗಳ ಅಧ್ಯಯನದಲ್ಲಿ, ಡ್ರೈ ಕೌಂಟಿಗಳ ನಿವಾಸಿಗಳು ಕುಡಿತಕ್ಕೆ ಸಂಬಂಧಿಸಿದ ಅಪಘಾತಗಳಿಂದ ಹೊರತಾಗಿಲ್ಲ ಎಂದು ಕಂಡುಬಂತು. ಲೂಯಿವಿಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಡ್ರೈ ಕೌಂಟಿಗಳಲ್ಲಿ ಮೆತ್ ಮಾದಕದ್ರವ್ಯದ ತಯಾರಿಕೆ ಹೆಚ್ಚಾಗಿರುವುದನ್ನು ಗುರುತಿಸಿತು. ಕಾನೂನುಬಾಹಿರ ಸಂತೆಗೆ ಒಮ್ಮೆ ಕಾಲಿಟ್ಟವನಿಗೆ ಇನ್ನೂ ಕೆಟ್ಟ ಸರಕು ಅಲ್ಲೇ ಸಿಗುತ್ತದೆ ಎಂಬುದು ಅವರ ವಿವರಣೆ.

ಇಳಿಮುಖ

ಇಪ್ಪತ್ತೊಂದನೆಯ ಶತಮಾನದಲ್ಲಿ ಡ್ರೈ ಕೌಂಟಿಗಳ ಸಂಖ್ಯೆ ಇಳಿಯುತ್ತಿದೆ. ನಗರಗಳ ಹೊರವಲಯ ಬೆಳೆದಂತೆ ಬೇರೆ ಪಂಥದವರೂ ಯಾವ ಪಂಥಕ್ಕೂ ಸೇರದವರೂ ಹಳೆಯ ಕೌಂಟಿಗಳಿಗೆ ಬಂದು ನೆಲೆಸಿದ್ದಾರೆ. ವಾಲ್‌ಮಾರ್ಟ್ ಕಂಪನಿಯ ಕೇಂದ್ರ ಕಚೇರಿ ಇರುವ ಆರ್ಕನ್ಸಾದ ಬೆಂಟನ್ ಕೌಂಟಿ 2012ರಲ್ಲಿ ವೆಟ್ ಆಯಿತು. ಜಾರ್ಜಿಯದಲ್ಲಿ 2011ರ ಕಾನೂನು ಭಾನುವಾರದ ಮಾರಾಟದ ಪ್ರಶ್ನೆಯನ್ನು ಊರಿನ ಮತದಾರರಿಗೆ ಬಿಟ್ಟಾಗ ಬಹಳಷ್ಟು ಊರುಗಳು ಒಪ್ಪಿದವು. ಮಿಸಿಸಿಪ್ಪಿಯಲ್ಲಿ 2021ರ ಜನವರಿ 1ರಿಂದ ನಿಯಮವೇ ತಿರುವುಮುರುವಾಯಿತು: ಹಿಂದೆ ವೆಟ್ ಆಗಲು ಮತ ಹಾಕಬೇಕಿತ್ತು, ಈಗ ಡ್ರೈ ಆಗಲು ಮತ ಹಾಕಬೇಕು. ಆಂಟಿ ಸಲೂನ್ ಲೀಗಿನ ಪ್ರಧಾನ ಕಚೇರಿಯಿದ್ದ ಒಹಾಯೊದ ವೆಸ್ಟರ್‌ವಿಲ್, ಮಹಿಳಾ ಪಾನನಿರೋಧ ಸಂಘದ ನೆಲೆಯಾದ ಇಲಿನಾಯ್‌ನ ಇವಾನ್‌ಸ್ಟನ್ ಎರಡೂ ಈಗ ಡ್ರೈ ಅಲ್ಲ.

ಮೌಲ್ಯಮಾಪನ

ಈ ವಿರೋಧವನ್ನು ಸಂಪ್ರದಾಯಸ್ಥರ ಹಟವೆಂದು ತಳ್ಳಿಹಾಕುವುದು ಅನ್ಯಾಯ. ಹಿಲ್ಸ್‌ಬರೊದ ಹೆಂಗಸರು ಮೊಣಕಾಲೂರಿದ್ದು ಮನೆ ಉಳಿಸಿಕೊಳ್ಳಲು. ಮಾರಾಟದಿಂದ ಯಾರಿಗೆ ಲಾಭ, ಯಾರ ಮನೆಗೆ ನಷ್ಟ ಎಂದು ಅವರು ಕೇಳಿದ ಪ್ರಶ್ನೆಗೆ ತೆರಿಗೆಯ ಲೆಕ್ಕ ಇಂದಿಗೂ ಉತ್ತರವಲ್ಲ. ಸಣ್ಣ ಕೌಂಟಿಗಳಲ್ಲಿ ವ್ಯಸನಿಯ ಕುಟುಂಬಕ್ಕೆ ಮೊದಲು ಕೈಚಾಚುವ ಸಂಸ್ಥೆ ಹಲವು ಸಲ ಚರ್ಚೇ ಆಗಿರುತ್ತದೆ. ಆದರೆ ಅದೇ ಚರಿತ್ರೆ ಇನ್ನೊಂದನ್ನೂ ತೋರಿಸುತ್ತದೆ. ಮನವೊಲಿಸುವ ಕೆಲಸವನ್ನು ಕಾನೂನಿಗೆ ಒಪ್ಪಿಸಿದ ಕಡೆಯೆಲ್ಲ ಸಭೆಗಳ ನೈತಿಕ ಬಲ ಗಡಿಯಂಗಡಿಯ ವರ್ತಕನಿಗೂ ಕಳ್ಳಮದ್ಯದವನಿಗೂ ಆಸರೆಯಾಯಿತು, ಜನಾಂಗದ್ವೇಷಕ್ಕೂ ಮುಖವಾಡವಾಯಿತು. ಕೌಂಟಿಯ ಗಡಿ ಬಾಟಲಿಯನ್ನು ಕೆಲವು ಮೈಲಿ ದೂರ ಇಡಬಲ್ಲದು, ಅಷ್ಟೆ. ವ್ಯಸನದಿಂದ ಮನುಷ್ಯನನ್ನು ಬಿಡಿಸುವ ಕೆಲಸ ಕೌಂಟಿ ಡ್ರೈ ಇದ್ದರೂ ವೆಟ್ ಆದರೂ ಉಳಿದೇ ಇರುತ್ತದೆ. ಸಭೆಗಳ ಸಾಧನೆಯನ್ನು ಅಳೆಯಬೇಕಾದದ್ದು ಆ ಕೆಲಸದಿಂದ, ಗೆದ್ದ ಮತದಾನಗಳ ಎಣಿಕೆಯಿಂದ ಅಲ್ಲ.